ಗಂಗುಲಮ್ಮತ್ತೆಯ ಗಂಡನನ್ನು ಸಾಯಿಸಲು ಹೋದದ್ದು

ಗಂಗುಲಮ್ಮತ್ತೆಯ ರೇಷ್ಮೆಹುಳದ ಮನೆಯ ಗೋಡೆಯಲ್ಲಿ ದಪ್ಪ ಮೀಸೆಯ ಗಂಡಸಿನ ಫೋಟೊ ಒಂದಿತ್ತು. ಅದಕ್ಕೆ ಪ್ಲಾಸ್ಟಿಕ್ ಹಾರ ಬೇರೆ. ತೀರಿಕೊಂಡ ಮಾವ ಇರಬೇಕೆಂದು ಹೋದಾಗಲೆಲ್ಲ ಕೈಮುಗಿಯುತ್ತಿದ್ದೆ. ನಮ್ಮ ವಂಶದ ಚರಿತ್ರೆ ಬರೆಯಲು ಕೂತಾಗ ಅವರ ಗಂಭೀರ ನೋಟದ ಬಗ್ಗೆ ಅರ್ಧ ಪುಟವನ್ನೇ ಬರೆದುಬಿಟ್ಟೆ. ಓದಿ ಹೇಳಿದರೆ ಅತ್ತೆ ಸೊಪ್ಪು ಹಾಕುವುದನ್ನು ನಿಲ್ಲಿಸಿ ನಕ್ಕರು. ಶಿಡ್ಲಘಟ್ಟದಲ್ಲಿ ಯಾವುದೋ ಸ್ಟುಡಿಯೊ ಮುಚ್ಚುವಾಗ ಚೌಕಟ್ಟು ಚೆನ್ನಾಗಿದೆಯೆಂದು ಕೊಂಡದ್ದಂತೆ. ಹಾರವೂ ಅದರೊಂದಿಗೇ ಬಂತಂತೆ. ಆತ ಯಾರೋ ಆಕೆಗೂ ಗೊತ್ತಿಲ್ಲ. ಅಸಲು ಮಾವ ಬಯ್ಯಪ್ಪ ಗೌರಿಬಿದನೂರಿನಲ್ಲಿ ಹಿಟ್ಟಿನ ಮಿಷನ್ ನಡೆಸಿಕೊಂಡು ಗಟ್ಟಿಮುಟ್ಟಾಗಿದ್ದಾರೆಂದು ನನಗೆ ತಿಳಿದದ್ದೇ ಆಗ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ವರ್ಷ ಅದು. ಅಲ್ಲಿನ ಒಂದು ಆಫೀಸಿನಲ್ಲಿ ನಾನು ದಿನಗೂಲಿ ಕಂಪ್ಯೂಟರ್ ಆಪರೇಟರ್. ‘ಕೋಲಾರ’ ಎಂದಿದ್ದ ಕಡೆಯೆಲ್ಲ ಅಳಿಸಿ ‘ಚಿಕ್ಕಬಳ್ಳಾಪುರ’ ಎಂದು ಟೈಪು ಮಾಡುವುದು ನನ್ನ ಕೆಲಸ. ಇಷ್ಟು ಅನುಭವ ಸಾಕೆಂದು ನನ್ನನ್ನು ಇತಿಹಾಸಕಾರನಾಗಿ ನೇಮಿಸಿದವರು ದೊಡ್ಡಪ್ಪ ವೆಂಕಟರವಣಪ್ಪ, ಚಿಂತಾಮಣಿಯ ನಿವೃತ್ತ ಹೆಡ್ಮಾಸ್ಟರು. ಅಚ್ಚಿನ ಖರ್ಚೂ ಅವರದೇ.

ನಮ್ಮ ವಂಶದಲ್ಲಿ ಹೇಳಿಕೊಳ್ಳುವಂಥ ಕಥೆ ಇದ್ದರೆ ಅದು ಅತ್ತೆಯದೇ. ಮದುವೆಯಾದ ವರ್ಷವೇ ಟ್ರಂಕು ಹೊತ್ತು ಕೆಂಚಾರ್ಲಹಳ್ಳಿಗೆ ವಾಪಸಾದವರು, ತವರಿನ ಮೂಲೆ ಜಮೀನಿಗೆ ಹಿಪ್ಪುನೇರಳೆ ಹಾಕಿದರು. ರೇಷ್ಮೆಗೂಡಿನ ಮೂಟೆಗಳನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ತಾವೇ ಹೋಗುತ್ತಿದ್ದರು. ಕೊಳ್ಳುವವರ ಉರ್ದುವಿಗೆ ತೆಲುಗಿನಲ್ಲೇ ಜವಾಬು. ತಮ್ಮಂದಿರಾದ ದೊಡ್ಡಪ್ಪ, ನಮ್ಮಪ್ಪ ಇಬ್ಬರೂ ಓದಿದ್ದು ಆ ಗೂಡಿನ ದುಡ್ಡಿನಲ್ಲೇ.

ಇದನ್ನೆಲ್ಲ ಬರೆದುಕೊಟ್ಟರೆ ದೊಡ್ಡಪ್ಪ ಕೆಂಪು ಪೆನ್ನಿನಲ್ಲಿ ತಿದ್ದಿದರು: ‘ಗಂಡನ ಅಕಾಲ ಮರಣದಿಂದಾಗಿ ತವರಿಗೆ ಮರಳಿದ ಸಾಧ್ವಿ.’ ಗಂಡನನ್ನು ಬಿಟ್ಟು ಬಂದಳೆಂದು ಅಚ್ಚಾದರೆ ತಮ್ಮ ಮಗಳು ತನುಜಳಿಗೆ ಸಂಬಂಧ ಕುದುರುವುದಿಲ್ಲವೆಂಬ ಹೆದರಿಕೆ ಅವರಿಗೆ. ಅತ್ತೆಯನ್ನು ಒಪ್ಪಿಸಿ ಬರಲು ನನ್ನನ್ನೇ ಕಳಿಸಿದರು.

ಅತ್ತೆ ಕೇಳಿಸಿಕೊಂಡು, ನಾನು ಇಷ್ಟು ದಿನ ಗಮನಿಸಿಯೇ ಇರದ ಹಣೆಯ ಕುಂಕುಮ ಮುಟ್ಟಿ ತೋರಿಸಿದರು.

“ಬದುಕಿರೋನ್ನ ಸಾಯ್ಸಿ ನನ್ ಕುಂಕುಮ ಅಳಿಸೋಕ್ ಬಂದಿದೀಯೇನಪ್ಪ? ನಿಜ ಬರಿ. ಆಗಲ್ವಾ, ನನ್ ಹೆಸ್ರು ತೆಗ್ದಾಕು.”

ಅವರ ಹೆಸರು ತೆಗೆದರೆ ಪುಸ್ತಕದಲ್ಲಿ ಉಳಿಯುವುದು ದೊಡ್ಡಪ್ಪನ ವರ್ಗಾವಣೆಗಳು ಮಾತ್ರ. ಹಾಗೆಂದು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಅತ್ತೆ ಒಪ್ಪಲಿಲ್ಲ ಎಂದಷ್ಟೇ ಫೋನಿನಲ್ಲಿ ತಿಳಿಸಿ, ಲೈನು ಕಟ್ಟಾದಂತೆ ನಟಿಸಿದೆ.

ಮರುದಿನ ನಾನಿನ್ನೂ ಅಲ್ಲೇ ಇರುವಾಗ ದೊಡ್ಡಪ್ಪ ತಾವೇ ಬಂದಿಳಿದರು. ಹುಳ ಹಣ್ಣಾಗಿ ಗೂಡಿಗೆ ಸಿದ್ಧವಾಗುತ್ತಿದ್ದ ಹೊತ್ತು. ಅತ್ತೆ ಹುಳದ ತಟ್ಟೆಗಳ ಮಧ್ಯದಿಂದ ಏಳಲಿಲ್ಲ. ಇಷ್ಟು ವರ್ಷಗಳಲ್ಲಿ ಮನೆಯವರು ಯಾರೂ ಕೇಳಿರದ ಪ್ರಶ್ನೆಯನ್ನು ದೊಡ್ಡಪ್ಪ ನಿಂತುಕೊಂಡೇ ಕೇಳಿದರು. ಮೇಷ್ಟರಲ್ಲವೇ, ಉತ್ತರಗಳನ್ನೂ ಜೊತೆಗೇ ಕೊಟ್ಟರು, ಅಕ್ಕ ಒಂದನ್ನು ಆರಿಸಿದರೆ ಸಾಕೆಂಬಂತೆ.

“ಹೋಗ್ಲಿ, ನಿಜಾನೇ ಹಾಕಿಸ್ತೀನಿ. ಯಾಕ್ ಬಿಟ್ ಬಂದೆ, ಹೇಳಕ್ಕ. ಕುಡೀತಿದ್ನಾ? ಹೊಡೀತಿದ್ನಾ? ಅವ್ನ ತಾಯಿ ಕಾಟಾನಾ?”

ನಾನು ಪೆನ್ನಿನ ಮುಚ್ಚಳ ತೆಗೆದೆ. ಅತ್ತೆ ಹಣ್ಣಾದ ಹುಳವೊಂದನ್ನು ಬೆಳಕಿಗೆ ಹಿಡಿದು ನೋಡಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟರು.

“ಅದೇನೂ ಇಲ್ಲಪ್ಪ, ಒಳ್ಳೇವ್ನೇ. ನಂಗೆ ಹಿಡಿಸ್ಲಿಲ್ಲ, ಬಂದ್ಬಿಟ್ಟೆ.”