ನಂಜತ್ತೆ ಸುತ್ತಿದ ಕಟ್ಟೆ

ಕೆಂಪಾಪುರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ತುಳಸಿ ಕುಂಡ ಗೋಡೆಗೆ ಒತ್ತಿಕೊಂಡೇ ಇದೆ. ಸುತ್ತು ಹಾಕಲು ಜಾಗವಿಲ್ಲ. ನನ್ನ ಹೆಂಡತಿ ನೀರೆರೆದು, ನಿಂತಲ್ಲೇ ಮೂರು ಸಲ ತಿರುಗಿ ಪ್ರದಕ್ಷಿಣೆ ಮುಗಿಸುತ್ತಾಳೆ. ಮೊನ್ನೆ ಭಾನುವಾರ ಬೆಳಿಗ್ಗೆ ಅವಳು ಹಾಗೆ ತಿರುಗುತ್ತಿದ್ದಾಗ ಮಗಳು ಒಳಗೆ ಗ್ರಹಗಳ ಪಟ್ಟಿ ಉರು ಹೊಡೆಯುತ್ತಿದ್ದಳು. ತನ್ನ ಸುತ್ತ ತಾನು ಒಂದು ಸಲ ತಿರುಗಲು ಗುರುವಿಗೆ ಹತ್ತು ಗಂಟೆಯೂ ಬೇಡ, ಶುಕ್ರನಿಗೆ ಇನ್ನೂರ ನಲವತ್ತಮೂರು ದಿನ ಬೇಕು. ಸಂಜೆ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಶುಕ್ರನ ಕಷ್ಟ ಅರ್ಥವಾದೀತು.

"ಅಪ್ಪಾ, ಚಂದ್ರ ತಿರುಗೋದೇ ಇಲ್ಲ ಅಲ್ವಾ? ಯಾವಾಗ್ಲೂ ಒಂದೇ ಮುಖ ಕಾಣುತ್ತೆ," ಎಂದಳು.

ಒದ್ದೆ ತುಳಸಿಯ ವಾಸನೆಯ ಜೊತೆಗೇ ನಂಜತ್ತೆ ನೆನಪಾದರು.

ನಂಜತ್ತೆ ನನ್ನ ತಂದೆಯ ಅಕ್ಕ. ಅಮೃತಹಳ್ಳಿಯ ನಮ್ಮ ಹಳೇ ಮನೆಯ ಅಂಗಳದಲ್ಲಿ ತುಳಸಿಕಟ್ಟೆ, ಪಕ್ಕದ ಜಗಲಿಯಲ್ಲಿ ನನ್ನ ಟ್ಯೂಷನ್. ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ. ಕೆಲಸ ಸಿಕ್ಕಿರಲಿಲ್ಲ, ಜಂಬಕ್ಕೇನೂ ಕೊರತೆಯಿರಲಿಲ್ಲ. ಚಂದ್ರ ಭೂಮಿಯನ್ನು ಸುತ್ತುತ್ತಾನೆ, ತಾನು ಮಾತ್ರ ತಿರುಗುವುದಿಲ್ಲ ಎಂದು ಒಂದು ದಿನ ಮಕ್ಕಳಿಗೆ ಗಂಭೀರವಾಗಿ ಬರೆಸಿದೆ.

ಕಟ್ಟೆ ಸುತ್ತುತ್ತಿದ್ದ ಅತ್ತೆ ನಿಂತರು. "ಅದೆಂಗಪ್ಪಾ? ನೋಡು, ಇಲ್ಲಿ ನನ್ ಮುಖ ಬಾಗ್ಲ ಕಡೆ, ಆ ಪಕ್ಕಕ್ಕೆ ಬಂದ್ರೆ ಬಾವಿ ಕಡೆ. ಕಟ್ಟೆ ಮಾತ್ರ ಯಾವಾಗ್ಲೂ ನನ್ ಬಲಗೈಗೇ ಐತೆ. ಒಂದ್ ಸುತ್ ಬರೋಷ್ಟ್ರಲ್ಲಿ ನಾನೂ ಒಂದ್ ಸಲ ತಿರುಗ್ದಂಗೇ ಅಲ್ವಾ?"

ಅತ್ತೆ ಮೂರನೇ ಕ್ಲಾಸು ದಾಟಿದವರಲ್ಲ. "ಪ್ರದಕ್ಷಿಣೆ ಬೇರೆ, ಫಿಸಿಕ್ಸ್ ಬೇರೆ. ಒಳಗ್ ಹೋಗಿ ಸಾರು ನೋಡು ಅತ್ತೆ," ಎಂದೆ. ಮಕ್ಕಳು ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು.

ನಾಲ್ಕು ದಿನದ ಮೇಲೆ ಲೈಬ್ರರಿಯಲ್ಲಿ ನೋಡಿದರೆ ಅತ್ತೆ ಹೇಳಿದ್ದೇ ಸರಿ. ಭೂಮಿಯನ್ನು ಸುತ್ತಲೂ ತಾನು ತಿರುಗಲೂ ಚಂದ್ರನಿಗೆ ಅದೇ ಇಪ್ಪತ್ತೇಳು ಚಿಲ್ಲರೆ ದಿನ. ನನ್ನ ನಿಜವಾದ ತಪ್ಪು ಶುರುವಾಗಿದ್ದು ಅಲ್ಲಿಂದ. ಮಾರನೆಯ ದಿನ ಒಬ್ಬ ಹುಡುಗಿಯನ್ನು ಕಟ್ಟೆಯ ಸುತ್ತ ನಡೆಸಿ, ಬಾಗಿಲು, ಬಾವಿ ಎಂದು ಅತ್ತೆಯ ಮಾತನ್ನೇ ಪಾಠ ಮಾಡಿದೆ.

"ಸೂಪರ್ ಸಾರ್, ನಿಮ್ಗೆ ಹೇಗ್ ಹೊಳೀತು?"

"ಯೋಚನೆ ಮಾಡ್ಬೇಕು ಕಣಮ್ಮ," ಎಂದೆ. ಅಡುಗೆಮನೆಯ ಕಿಟಕಿ ತೆರೆದೇ ಇತ್ತು. ಸ್ವಲ್ಪ ಹೊತ್ತಿಗೆ ಅತ್ತೆ ಕಾಫಿ ತಂದಿಟ್ಟು, "ಆರೋಗ್ತದೆ, ಕುಡಿ," ಎಂದರು. ಅಷ್ಟೇ. ಆಮೇಲೆ ಟ್ಯೂಷನ್ ಹೊತ್ತಿನಲ್ಲಿ ಅವರು ಕಟ್ಟೆಯ ಹತ್ತಿರ ಸುಳಿಯಲಿಲ್ಲ.

ನೀವೇ ಹೇಳಿ, ತಪ್ಪಾಯ್ತು ಅನ್ನಲು ಎಷ್ಟು ಹೊತ್ತು ಬೇಕು? ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವರ್ಷಗಳು ಹೋದವು, ಅತ್ತೆಯೂ ಹೋದರು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಗಳಿಗೆ ಉತ್ತರ ಹೇಳಲು ಬಾಲ್ಕನಿಯ ಕುಂಡವನ್ನು ಎಳೆದು ತಂದು ಹಾಲ್‌ನ ನಡುವೆ ಇಟ್ಟೆ. "ಏನ್ರೀ ಇದು, ಮಣ್ಣೆಲ್ಲ ಚೆಲ್ತಿದೀರ," ಎನ್ನುತ್ತ ಹೆಂಡತಿ ಬಾಲ್ಕನಿಯ ಬಾಗಿಲಲ್ಲೇ ನಿಂತಳು. ಮಗಳನ್ನು ಸುತ್ತ ನಡೆಸಿದೆ. ಟಿವಿ, ಬಾಲ್ಕನಿ, ಚಪ್ಪಲಿ ಸ್ಟ್ಯಾಂಡು, ಅಡುಗೆಮನೆ. ಮತ್ತೆ ಟಿವಿ ಎದುರಾದಾಗ ನಿಂತುಬಿಟ್ಟಳು.

"ಅರೆ, ನಾನೂ ಒಂದ್ ರೌಂಡ್ ತಿರುಗ್ದೆ. ಅಪ್ಪಾ, ಹೇಗ್ ಹೊಳೀತು ನಿಂಗೆ?"

"ನನಗೆ ಹೊಳೆದಿದ್ದಲ್ಲ ಮಗಳೇ. ನಂಜತ್ತೆ ಹೇಳ್ಕೊಟ್ಟಿದ್ದು," ಎಂದೆ, ಅಡುಗೆಮನೆಗೂ ಕೇಳುವಷ್ಟು ಜೋರಾಗಿ. ಅಲ್ಲಿ ಯಾರೂ ಇರಲಿಲ್ಲ.