ಹೆಸರಿನ ಖಾನೆಯಲ್ಲಿ ಕಂಡ ಅಂಕಿಗಳು

ಒಂದು ಮಾತು ಹೇಳಬೇಕಾದ ದಿನ ನಾನು ಹೇಳದೆ ಬೆಳಗಾವಿ ಬಸ್ಸು ಹತ್ತಿದೆ. ಅಕ್ಕನ ಬಲಗೈ ತೋರುಬೆರಳು ಕಂಡಾಗಲೆಲ್ಲ ಅದೇ ನೆನಪು. ಆ ಬೆರಳಿನ ಉಗುರು ನಡುವೆ ಸೀಳಿದೆ. ಎಂದೋ ಹೊಲಿಗೆ ಮಷೀನಿನ ಸೂಜಿ ತೂರಿದ ಗುರುತು. ಲ್ಯಾಪ್‌ಟಾಪನ್ನೂ ಅವಳು ಆ ಒಂದೇ ಬೆರಳಿನಿಂದ, ಅಂಗಿಗೆ ಗುಂಡಿ ಹಚ್ಚುವಷ್ಟು ನಿಧಾನವಾಗಿ ಒತ್ತುತ್ತಾಳೆ.

ಖಾನಾಪುರದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಅಕ್ಕನ ಮನೆ. ಸಾಲಿ ಹುಡುಗರ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಪ್ರತಿ ಚಡ್ಡಿಯ ಅಂಚಿನಲ್ಲೂ ಎರಡು ಬೆರಳು ಬಟ್ಟೆ ಹೆಚ್ಚಿಗೆ ಮಡಚಿಡುವುದು ಅವಳ ರೂಢಿ. "ಹುಡುಗೂರು ಬೆಳೀತಾವ, ಅರಿವಿ ಬೆಳೀತಾವೇನು?" ಅನ್ನುತ್ತಿದ್ದಳು. ಅವಳು ಹತ್ತನೇತ್ತಾ ಪಾಸು. ನಾನು ಏಳನೇತ್ತಾಕ್ಕೆ ಸಾಲಿ ಬಿಟ್ಟವನು. ಅದನ್ನು ಹೇಳಿ ನಗುವುದಕ್ಕೆ ಅವಳು ಎಂದೂ ಬೇಸರಿಸುತ್ತಿರಲಿಲ್ಲ. ನಾನೀಗ ಬೆಳಗಾವಿಯ ಕ್ಯಾಂಪ್ ಭಾಗದ ಕೊರಿಯರ್ ಅಂಗಡಿಯಲ್ಲಿ ಫೋನ್ ನಂಬರು, ಪಿನ್‌ಕೋಡು ಟೈಪ್ ಮಾಡುತ್ತೇನೆ. ಅಂಗಡಿಯವರು ತೆಗೆದುಹಾಕಿದ ಸಣ್ಣ ಲ್ಯಾಪ್‌ಟಾಪು ಅಕ್ಕನಿಗೆ ಕೊಟ್ಟೆ, ಮೇಲ್ ನೋಡುವುದು ಕಲಿಸಿದೆ. ಅವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದ್ದದ್ದು ಅದೊಂದೇ. ಆ ಸೊಕ್ಕು ನನಗಿತ್ತು.

ಒಂದು ರವಿವಾರ ಅವಳ ಮನೆಯಲ್ಲಿ ಕೂತು ಅಂಗಡಿಯ ಬಾಕಿ ಕೆಲಸ ಮುಗಿಸಿದೆ. ಆ ಲ್ಯಾಪ್‌ಟಾಪಿನಲ್ಲಿ ಮೇಲಿನ ಸಾಲು ಬಿಟ್ಟರೆ ಅಂಕಿಗೆ ಬೇರೆ ಜಾಗ ಇಲ್ಲ. ನಂಬರ್ ಲಾಕ್ ಹಾಕಿದರೆ ಬಲಗಡೆಯ ಕೆಲವು ಅಕ್ಷರಗಳೇ ಅಂಕಿಯಾಗುತ್ತವೆ. ಜಲ್ದಿ ಆಗಲೆಂದು ಲಾಕ್ ಹಾಕಿದೆ. ತೆಗೆಯಲು ಮರೆತು ಹೋದೆ.

ಮರುದಿನ ಅಕ್ಕನ ಫೋನು.

"ತಮ್ಮಾ, ಮೇಲ್ ತಗೀವಲ್ದು. ಪಾಸ್‌ವರ್ಡ್ ತಪ್ಪೈತಿ ಅಂತ ತೋರಸಾಕತ್ತೈತಿ."

"ನೀನ ತಪ್ಪ ಒತ್ತೀರ್ತಿ."

"ಇಲ್ಲೋ, ನೋಡಿ ನೋಡಿ ಒತ್ತೀನಿ. ಆದ್ರ ಬರೇ ಚುಕ್ಕಿ ಕಾಣ್ತಾವ. ಒಳಗ ಏನ್ ಬೀಳಾಕತ್ತೈತಿ ಯಾರಿಗ್ಗೊತ್ತು."

ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರು. ಅವರಿಗೂ ಕೇಳಲಿ ಎಂಬಂತೆ ಅಂದೆ: "ಮರತೀದಿ ಅಕ್ಕಾ. ಅವ್ವಗೂ ಹಿಂಗ ಸುರುವಾಗಿತ್ತು."

ನಮ್ಮವ್ವ ಕಡೆಗಾಲಕ್ಕೆ ನಮ್ಮನ್ನೇ ಗುರುತಿಸುತ್ತಿರಲಿಲ್ಲ. ಅವಳಿಗೆ ಉಣಿಸಿ, ತೊಳೆದು ನೋಡಿಕೊಂಡವಳು ಅಕ್ಕ. ಆ ಕಡೆಯಿಂದ "ಹೌದನ?" ಎಂದು ಫೋನ್ ಇಟ್ಟಳು.

ಮುಂದಿನ ರವಿವಾರ ಹೋದಾಗ ಹೊಲಿಗೆ ಮಷೀನಿಗೆ ಹೊದಿಕೆ ಹಾಕಿತ್ತು. ಸಾಲಿಯವರು ಆ ಮೇಲ್‌ನಲ್ಲೇ ಅಳತೆ ಕಳಿಸಿದ್ದರಂತೆ. ಅವರು ಫೋನ್ ಮಾಡಿ ಕೇಳಿದಾಗ, "ಬ್ಯಾರೆಯವರಿಗೆ ಕೊಡ್ರಿ, ನನ್ನ ನೆನಪು ನೆಟ್ಟಗಿಲ್ಲ" ಎಂದುಬಿಟ್ಟಿದ್ದಳು.

"ಪಾಸ್‌ವರ್ಡ್ ಏನ್ ಇಟ್ಟಿದ್ದಿ?" ಎಂದೆ.

"ಮುನ್ನಿ, ಇಂಗ್ಲಿಷ್ ಅಕ್ಷರದಾಗ. ಮುಂದ ನಮ್ಮ ಹಳೇ ಮನಿ ನಂಬರು."

ಮುನ್ನಿ ನಾವು ಸಣ್ಣವರಿದ್ದಾಗ ಸಾಕಿದ ಆಡು. ಆ ಹೆಸರು ನನಗೇ ಮರೆತುಹೋಗಿತ್ತು.

ಮೇಲ್ ಪೇಜಿನಲ್ಲಿ ಅವಳ ಹೆಸರು ತಾನೇ ತುಂಬಿಕೊಳ್ಳುತ್ತಿತ್ತು. ಅವಳು ಒತ್ತಬೇಕಾದದ್ದು ಪಾಸ್‌ವರ್ಡ್ ಮಾತ್ರ. ನಾನು ಹೆಸರು ಅಳಿಸಿ, ಕಣ್ಣಿಗೆ ಕಾಣುವ ಆ ಖಾನೆಯಲ್ಲೇ ಆಡಿನ ಹೆಸರು ಒತ್ತಿದೆ. ಅರ್ಧ ಅಕ್ಷರ, ಅರ್ಧ ಅಂಕಿ ಬಿದ್ದವು. ಆ ರವಿವಾರ ನಾನೇ ಹಾಕಿದ ಲಾಕು ಹಾಗೇ ಇತ್ತು. ಲಾಕ್ ತೆಗೆದೆ. ಅವಳದೇ ಪಾಸ್‌ವರ್ಡ್ ಒತ್ತಿದೆ. ತೆರೆಯಿತು.

ಅಕ್ಕ ಚಹಾ ತಂದಳು. "ಏನಾಗಿತ್ತೋ?"

"ಹೊಸಾ ಪಾಸ್‌ವರ್ಡ್ ಹಾಕೀನಿ. ಹಳೇದನ್ನ ಸ್ವಲ್ಪ ಬದಲಿ ಮಾಡೀನಿ," ಎಂದು, ನನ್ನ ತಪ್ಪು ಮುಚ್ಚಲು ಅಲ್ಲೇ ಕೊನೆಗೊಂದು ಅಂಕಿ ಸೇರಿಸಿ ಬರೆದುಕೊಟ್ಟೆ. ಚಹಾ ಸುಡುತ್ತಿದ್ದರೂ ಒಂದೇ ಗುಟುಕಿಗೆ ಕುಡಿದು ಬಸ್ ಸ್ಟ್ಯಾಂಡಿಗೆ ಓಡಿದೆ.

ಆಮೇಲೆ ಅಕ್ಕ ಒಂದು ಹೊಸ ಚಾಳಿ ಕಲಿತಳು. ರೊಟ್ಟಿ ಬಡಿಯುವಾಗ, ಹೊಸ್ತಿಲು ತೊಳೆಯುವಾಗ, ಬೆಳಗಾವಿ ದಾರಿಯ ಊರುಗಳನ್ನು ಒಂದೊಂದಾಗಿ ಗುಣುಗುಣು ಹೇಳಿಕೊಳ್ಳುತ್ತಿದ್ದಳು. ದೇಸೂರು, ಮಚ್ಛೆ, ಪೀರನವಾಡಿ. ತಲೆ ನೆಟ್ಟಗಿದೆಯೋ ಇಲ್ಲವೋ ಎಂಬ ಪರೀಕ್ಷೆ ಅದು. ಕತ್ತರಿಯನ್ನು ಬಾಜು ಮನೆಯ ಮಾವಶಿಗೆ ಕೊಟ್ಟಿದ್ದಳು. "ಅಳತಿ ತಪ್ಪಿ ಹರದ್ರ ಮಂದಿ ಅರಿವಿ ಹಾಳಾಕ್ಕೈತಿ" ಅಂದಳು. ನನ್ನ ಏಳನೇತ್ತಾ ಹಿಡಿದು ಮಾಡುತ್ತಿದ್ದ ಚೇಷ್ಟೆಯನ್ನೂ ನಿಲ್ಲಿಸಿದಳು.

ಪ್ರತಿ ರವಿವಾರ ಹೊರಟಾಗ ಇವತ್ತು ಹೇಳಿಬಿಡೋಣ ಅನ್ನುತ್ತಿದ್ದೆ. ಬಸ್ಸು ಪೀರನವಾಡಿ ದಾಟುವಾಗ ಮಾತು ಜೋಡಿಸಿಕೊಳ್ಳುವುದು, ಖಾನಾಪುರದಲ್ಲಿ ಇಳಿಯುವಾಗ ಅದನ್ನು ನುಂಗುವುದು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಂಗಡಿಯಲ್ಲಿ ನಂಬರ್ ಲಾಕಿನ ದೀಪ ಕಂಡರೆ ಕೈ ತಡೆಯುತ್ತಿತ್ತು.

ಹೋದ ರವಿವಾರ ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ಗುಣುಗುತ್ತಿದ್ದಳು. ದೇಸೂರು ಅಂದವಳು ತಟ್ಟನೆ ನಿಲ್ಲಿಸಿದಳು. ನನ್ನ ಕಡೆ ತಿರುಗಿದಾಗ ಮುಖದಲ್ಲಿ ರಕ್ತ ಇರಲಿಲ್ಲ.

"ತಮ್ಮಾ, ದೇಸೂರಾದ ಮ್ಯಾಲ ಯಾವ್ದೋ?"

ನಾನು ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ಕಟ್ಟೆಯ ಮೇಲಿಟ್ಟೆ. ಲಾಕ್ ಹಾಕಿದೆ. ಹೆಸರಿನ ಖಾನೆ ತೋರಿಸಿ, "ಇಲ್ಲಿ ಮುನ್ನಿ ಅಂತ ಒತ್ತು" ಅಂದೆ. ಕೈ ಸೆರಗಿಗೆ ಒರೆಸಿಕೊಂಡು, ಆ ಸೀಳಿದ ಉಗುರಿನ ಬೆರಳಿನಿಂದ ಒಂದೊಂದೇ ಒತ್ತಿದಳು. ಸೊನ್ನೆ ಬಿತ್ತು, ನಾಲ್ಕು ಬಿತ್ತು. ಬೆರಳು ಗಾಳಿಯಲ್ಲೇ ನಿಂತಿತು.

"ನಾ ಅಕ್ಷರಾನ ಒತ್ತೀನಲ್ಲೋ?"

"ಹೌದು. ಅವತ್ತೂ ಅಕ್ಷರಾನ ಒತ್ತಿದ್ದಿ."

ಅವಳು ಬಹಳ ಹೊತ್ತು ಪರದೆ ನೋಡಿದಳು. "ಯಾವಾಗ ಗೊತ್ತಾತು ನಿನಗ?"

"ನೀ ಅವತ್ತ ಚಹಾ ತಂದಿಯಲ್ಲಾ, ಅದಕ್ಕಿಂತ ಮೊದಲ."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಹಗ್ಗದ ಮೇಲಿನ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆಗ ಬಾಯಿ ಬಿಟ್ಟೆ.

"ನನ್ನ ತಪ್ಪಕ್ಕಾ. ನೀ ಏನೂ ಮರತಿರಲಿಲ್ಲ. ಲಾಕ್ ಹಾಕಿದಾಂವ ನಾ, ಗೊತ್ತಾದ ಮ್ಯಾಲೂ ನಿನ್ನ ಅಂಜಿಕ್ಯಾಗ ಬಿಟ್ಟು ಹೋದಾಂವ ನಾ. ಕ್ಷಮಾ ಮಾಡು."