ಉಸಿರಮ್ಮನ ಮೂರರ ಪುಸ್ತಕ

ಸ್ಕ್ಯಾನಿಂಗ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಉಸಿರಮ್ಮ ಎಂದೇ ಕರೆಯುತ್ತಿದ್ದರು. ಆಯಾ ಆಗಿ ಸೇರಿದವಳು. ಯಂತ್ರದೊಳಗಿನ ಟೇಪಿನ ದನಿಗಿಂತ ಇವಳ ದನಿಗೆ ಜನ ಬೇಗ ಬಗ್ಗುತ್ತಾರೆಂದು ಡಾಕ್ಟರು ಮೈಕನ್ನೇ ಇವಳ ಕೈಗೆ ಕೊಟ್ಟಿದ್ದರು. ಹತ್ತೊಂಬತ್ತು ವರ್ಷದಿಂದ ಗಾಜಿನ ಈಚೆ ಕೂತು ಹೇಳುವುದೇ ಕೆಲಸ: "ಉಸಿರು ತಗೊಳ್ಳಿ, ಬಿಡಿ, ಹಿಡ್ಕೊಳ್ಳಿ."

ಓದಿದ್ದು ನಾಲ್ಕನೇ ಕ್ಲಾಸು. ಆದರೆ ಡಾಕ್ಟರು ರಿಪೋರ್ಟನ್ನು ಬಾಯಲ್ಲಿ ಹೇಳಿ ಟೈಪು ಮಾಡಿಸುವಾಗ ಕೇಳಿ ಕೇಳಿ, ಲಿವರಿನ ಗಂಟುಗಳ ದರ್ಜೆ ಅವಳಿಗೆ ಬಾಯಿಪಾಠವಾಗಿತ್ತು. ಒಂದು ಎಂದರೆ ನಿಶ್ಚಿಂತೆ. ಐದು ಎಂದರೆ ಕ್ಯಾನ್ಸರೇ. ನಡುವಿನ ಮೂರು ಮಾತ್ರ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಮೂರು ತಿಂಗಳಿಗೆ ಮತ್ತೆ ಚಿತ್ರ ತೆಗೆದು ಬೆಳೆದಿದೆಯೇ ನೋಡಬೇಕು. ಮೂರರವರು ಮರೆತುಬಿಡುತ್ತಾರೆ. ಅದಕ್ಕೆಂದೇ ಅವಳು ಒಂದು ಪುಸ್ತಕ ಇಟ್ಟಿದ್ದಳು. ಅವರ ಹೆಸರು, ನಂಬರನ್ನು ಟೆಕ್ನಿಷಿಯನ್ ಬರೆಯುತ್ತಿದ್ದ. ಗಡುವು ಬಂದವರಿಗೆ ಇವಳು ಫೋನು ಮಾಡುತ್ತಿದ್ದಳು. "ಏನಪ್ಪಾ, ನಿನ್ನ ಲಿವರು ನೋಡ್ದೆ ನಂಗೆ ಬೇಜಾರಾಗಿದೆ, ಯಾವಾಗ ಕರ್ಕೊಂಡು ಬರ್ತೀಯ?"

ಅವಳ ಗಂಡ ದರ್ಜಿ. ಹಳೆಯ ಕಾಮಾಲೆಯಿಂದ ಲಿವರು ಸೊರಗಿತ್ತು. ಈಚೆಗೆ ಊಟವೇ ಸೇರುತ್ತಿರಲಿಲ್ಲ. ಕಾಡಿ ಬೇಡಿ ಅವಳೇ ಕರೆತಂದು ಮಲಗಿಸಿದಳು.

ಮೊದಲ ಸಲ ಬಂದವರು ಉಸಿರು ತಪ್ಪಿಸಿಯೇ ತಪ್ಪಿಸುತ್ತಾರೆ. ಹಿಡಿ ಎಂದಾಗ ಬಿಡುತ್ತಾರೆ, ಬಿಡು ಎಂದಾಗ ಕೆಮ್ಮುತ್ತಾರೆ. ಗಂಡ ಒಮ್ಮೆಯೂ ತಪ್ಪಲಿಲ್ಲ. ಮೂರನೆಯ ಉಸಿರಿಗಂತೂ ಅವಳು ಬಾಯಿ ತೆರೆಯುವ ಮೊದಲೇ ಅವನ ಎದೆ ಅಲುಗದೆ ನಿಂತಿತ್ತು.

"ನೋಡೋ, ನನ್ನ ಗಂಡ ಎಷ್ಟು ಜಾಣ!" ಎಂದು ಅವಳು ನಕ್ಕಳು. ಪಕ್ಕದಲ್ಲಿದ್ದ ಟೆಕ್ನಿಷಿಯನ್ ನಗಲಿಲ್ಲ.

ದಿನಕ್ಕೆ ನಲವತ್ತು ಹೊಟ್ಟೆ ನೋಡುವ ಡಾಕ್ಟರಿಗೆ ಇದು ಯಾರ ಗಂಡನೆಂದು ಗೊತ್ತಿರಲಿಲ್ಲ. ಎಂದಿನಂತೆ ಹೇಳತೊಡಗಿದರು: "ಆರು ತಿಂಗಳ ಹಿಂದಿನ ಚಿತ್ರಕ್ಕೆ ಹೋಲಿಸಿದರೆ, ಗಂಟು ಹನ್ನೆರಡು ಮಿಲಿಮೀಟರಿನಿಂದ ಇಪ್ಪತ್ತಕ್ಕೆ ಬೆಳೆದಿದೆ. ಆಗ ಮೂರು. ಈಗ ಐದು."

ಮಡಿಸುತ್ತಿದ್ದ ಹೊದಿಕೆ ಅವಳ ಕೈಯಲ್ಲೇ ಉಳಿಯಿತು. ಆರು ತಿಂಗಳ ಹಿಂದೆ ಮಗಳ ಹೆರಿಗೆಗೆಂದು ಹದಿನೈದು ದಿನ ರಜೆ ಹಾಕಿದ್ದಳು. ನಿಶ್ಚಿಂತೆಯಿಂದ ಹೋಗಿ ಬಾ ಎಂದು ಗಂಡನೇ ಚೀಲ ತುಂಬಿಕೊಟ್ಟಿದ್ದ.

"ಆವತ್ತು ಮೈಕು ಹಿಡಿದಿದ್ದು ನೀನೇನಾ?" ಎಂದು ಟೆಕ್ನಿಷಿಯನ್‌ನನ್ನು ಕೇಳಿದಳು.

"ಅಕ್ಕಾ... ಹೇಳಬೇಡ ಅಂತ ಭಾವ ಮಾತು ತಗೊಂಡ್ರು. ಆಮೇಲೆ ನಾನೇ ಹೇಳ್ತೀನಿ ಅಂದ್ರು."

"ಪುಸ್ತಕದಲ್ಲಿ?"

"ಬರೀಲಿಲ್ಲ. ನೀವು ನೋಡ್ಬಿಡ್ತೀರಲ್ಲ."

ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಂದ ಗಂಡ ಇಬ್ಬರ ಮುಖ ನೋಡಿ ನಿಂತ. "ಮೂರು ಅಂದ್ರೆ ಹೆದರ್ಬೇಡಿ ಅಂತ ಎಲ್ರಿಗೂ ನೀನೇ ಹೇಳ್ತಿದ್ಯಲ್ಲೇ," ಎಂದ.

"ಮತ್ತೆ ಬನ್ನಿ ಅಂತಾನೂ ಹೇಳ್ತಿದ್ದೆ ರೀ."

ಗಂಟು ಇನ್ನೂ ಒಂದೇ ಇದೆ, ಇವತ್ತೇ ಸರ್ಜನ್‌ಗೆ ತೋರಿಸಿ ಎಂದರು ಡಾಕ್ಟರು. ಅವಳು ಫೈಲು ಎತ್ತಿಕೊಂಡಳು. ಟೆಕ್ನಿಷಿಯನ್ ಪುಸ್ತಕ ತೆರೆದು ಪೆನ್ನು ಹಿಡಿದ. "ಅಕ್ಕಾ, ಈಗಲಾದ್ರೂ ಬರೀಲಾ?"

"ಐದರವರಿಗೆ ನಾನು ಯಾವತ್ತು ಫೋನು ಮಾಡಿದೀನೋ?"

ಗಾಜಿನಾಚೆ ಮುಂದಿನ ರೋಗಿ ಮಲಗಿಯಾಗಿತ್ತು. ಅವಳು ಮೈಕನ್ನು ಟೆಕ್ನಿಷಿಯನ್‌ನ ಮುಂದೆ ಸರಿಸಿದಳು.

"ತಗೋ, ನೀನೇ ಹೇಳು. ನಿನಗೆ ಅಭ್ಯಾಸ ಇದೆಯಲ್ಲ."